‘ವೆರಿ’, ‘ಟೂ’, ‘ಕ್ವೈಟ್’: ನಂಬಿಕೆಯೂ ನಿಜವೂ

ಗುಣವಾಚಕದ ಮೊದಲು ‘ವೆರಿ’ ಎಂಬುದನ್ನಿರಿಸಿದರೆ ಇಂಗ್ಲಿಷಿನ ಯಾವ ಮಾತಿಗಾದರೂ ಬಲ ಬರುವುದೆಂದೂ, ಆ ಬಲವು ಸಾಲದೆಂದು ತೋರಿದಲ್ಲಿ ‘ಟೂ’ ಎಂಬುದನ್ನು ಬಳಸಬಹುದೆಂದೂ ನಮ್ಮವರಲ್ಲಿ ಅನೇಕರು, ಚೆನ್ನಾಗಿ ಓದಿದವರೂ ಸೇರಿದಂತೆ, ನಂಬಿದ್ದಾರೆ. ‘ವೆರಿ ಬೆಟರ್’ ಎಂಬ ಪ್ರಯೋಗವು ಹುಟ್ಟುವುದು ಈ ನಂಬಿಕೆಯಿಂದಲೇ. ಆದರೆ ಅದನ್ನು ಅಜ್ಞಾನವೆಂದು ಹಳಿಯುವುದು ನ್ಯಾಯವಲ್ಲ, ಏಕೆಂದರೆ ಅದರ ಬೇರು ನಮ್ಮ ನುಡಿಯ ರಚನೆಯಲ್ಲಿಯೇ ಇದೆ.

‘ಅದಕ್ಕಿಂತ ಇದು ಬಹಳ ಒಳ್ಳೆಯದು’ ಎಂದು ನಾವೆನ್ನುವಾಗ ಹೋಲಿಕೆಯ ಭಾರವನ್ನೆಲ್ಲ ‘ಇಂತ’ ಎಂಬುದು ಹೊರುತ್ತದೆಯೇ ಹೊರತು ‘ಒಳ್ಳೆಯದು’ ಎಂಬ ಪದವು ತನ್ನ ರೂಪವನ್ನು ಕಿಂಚಿತ್ತೂ ಬದಲಿಸುವುದಿಲ್ಲ. ಲಘುತರ, ಪ್ರಿಯತಮ ಮೊದಲಾದ ಸಂಸ್ಕೃತರೂಪಗಳನ್ನು ಬಿಟ್ಟರೆ ಕನ್ನಡದ ಗುಣವಾಚಕಗಳಿಗೆ ತರತಮಪ್ರತ್ಯಯಗಳೇ ಇಲ್ಲ. ಆದಕಾರಣ ಒಂದೇ ‘ಬಹಳ’ವು ನಮಗೆ ಹೋಲಿಕೆಯಿದ್ದಲ್ಲಿಯೂ ಇಲ್ಲದಲ್ಲಿಯೂ ಸಲ್ಲುತ್ತದೆ. ಇಂಗ್ಲಿಷಿನಲ್ಲಾದರೋ ‘ಗುಡ್’ ಎಂಬುದು ಗುಣದ ಹೆಸರು, ‘ಬೆಟರ್’ ಎಂಬುದು ಎರಡು ವಸ್ತುಗಳ ನಡುವಣ ಅಂತರದ ಹೆಸರು. ಗುಣದ ತೀವ್ರತೆಯನ್ನು ಹೇಳಲು ‘ವೆರಿ’. ಅಂತರದ ಪ್ರಮಾಣವನ್ನು ಹೇಳಲು ‘ಮಚ್’, ‘ಫಾರ್’, ‘ಎ ಲಿಟಲ್’. ‘ಮಚ್ ಬೆಟರ್’ ಸಾಧುವಾಗುವುದೂ ‘ವೆರಿ ಬೆಟರ್’ ಅಸಾಧುವಾಗುವುದೂ ಈ ಭೇದದಿಂದ. ಹಾಗೆಂದು ‘ವೆರಿ’ಯನ್ನು ಹೋಲಿಕೆಯಿಂದ ಪೂರ್ಣವಾಗಿ ಬಹಿಷ್ಕರಿಸಲೂ ಆಗದು: ‘ದಿ ವೆರಿ ಬೆಸ್ಟ್’ ಎಂಬುದು ಶುದ್ಧ ಪ್ರಯೋಗವೇ.

‘ಮೋರ್ ಬೆಟರ್’ ಎಂಬುದು ತರ್ಕಕ್ಕೇ ವಿರುದ್ಧವೆಂದು ಹೇಳುವವರುಂಟು. ಆದರೆ ಷೇಕ್ಸ್‌ಪಿಯರನು ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಆಂಟನಿಯ ಬಾಯಲ್ಲಿ ಇಂಥದೇ ದ್ವಿಗುಣಿತ ರೂಪವನ್ನಿರಿಸಿದ್ದಾನೆ. ಆ ಕಾಲಕ್ಕೆ ಅದು ದೋಷವಾಗಿರಲಿಲ್ಲ. 1762ರಲ್ಲಿ ಪ್ರಕಟವಾದ ತನ್ನ ವ್ಯಾಕರಣದಲ್ಲಿ ರಾಬರ್ಟ್ ಲೌತ್ ಅಂಥ ರೂಪಗಳನ್ನು ಅನುಚಿತವೆಂದನು. ಇಂದಿನ ಶಿಷ್ಟಭಾಷೆ ಅದನ್ನು ಒಪ್ಪದಿರುವುದು ದಿಟ. ಆದರೆ ಅದು ರೂಢಿಯ ತೀರ್ಪು, ತರ್ಕದ್ದಲ್ಲ.

‘ಟೂ’ ಎಂಬುದರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಅರ್ಥವೇ ತಿರುಗಿಬೀಳುತ್ತದೆ. ಅದು ‘ಬಹಳ’ವಲ್ಲ, ‘ಅತಿಯಾಯಿತು’ ಎಂಬುದು. ಬಡಿಸಿದ ಪಾಯಸವನ್ನು ಮೆಚ್ಚಿ ‘ಟೂ ಸ್ವೀಟ್’ ಎಂದರೆ ಇಂಗ್ಲಿಷರ ಮನೆಯೊಡತಿಗೆ ಕೇಳಿಸುವುದು ಸಕ್ಕರೆ ಮಿತಿಮೀರಿತೆಂಬ ದೂರು. ‘ಯು ಆರ್ ಟೂ ಕೈಂಡ್’ ಎಂಬ ಉಪಚಾರದ ಮಾತಿನಲ್ಲಿಯೂ ನನ್ನ ಯೋಗ್ಯತೆಯನ್ನು ಮೀರಿದ ದಯೆಯೆಂಬ ಆ ಮೂಲಾರ್ಥವೇ ಉಳಿದಿದೆ.

ಇನ್ನು ‘ಕ್ವೈಟ್’ ಎಂದರೆ ಯಾವಾಗಲೂ ‘ಬಹಳ’ವೆಂಬುದೂ ಸರಿಯಲ್ಲ. ‘ಕ್ವೈಟ್ ಇಂಪಾಸಿಬಲ್’ ಎಂದರೆ ಸರ್ವಥಾ ಅಸಾಧ್ಯ. ‘ಕ್ವೈಟ್ ಗುಡ್’ ಎಂದರೆ ಬ್ರಿಟಿಷರ ಬಾಯಲ್ಲಿ ಬಹುಮಟ್ಟಿಗೆ ‘ಪರವಾಗಿಲ್ಲ’ ಎಂಬಷ್ಟೇ, ಅಮೆರಿಕನ್ನರ ಬಾಯಲ್ಲಿ ಅದಕ್ಕಿಂತ ಹೆಚ್ಚಿನ ಮೆಚ್ಚುಗೆ. ಒಬ್ಬ ವಿದ್ಯಾರ್ಥಿಯ ಶಿಫಾರಸುಪತ್ರವು ಲಂಡನ್ನಿಗೆ ಹೋಗುವುದಾದರೆ ಆ ಪದವನ್ನು ಬಿಟ್ಟು ‘ವೆರಿ ಗುಡ್’ ಎಂದೇ ಬರೆಯುವುದು ಮೇಲು.