ಮರಳ ಪೆಟ್ಟಿಗೆಯಲ್ಲಿ ಅಬ್ರಹಾಮನ ಪಯಣ

ನೆಲದ ಮೇಲೆ ಅಗಲವಾದ ಮರದ ಪೆಟ್ಟಿಗೆ, ಅದರಲ್ಲಿ ಮರಳು. ಸುತ್ತ ಚಕ್ಕಳಮಕ್ಕಳ ಹಾಕಿ ಕುಳಿತ ನಾಲ್ಕೈದು ವರ್ಷದ ಮಕ್ಕಳು. ಕಥೆ ಹೇಳುವವರಿಗೂ ಕುರ್ಚಿಯಿಲ್ಲ, ಅವರದೂ ನೆಲವೇ. ಅವರು ಅಂಗೈಯಿಂದ ಮರಳನ್ನು ಸವರುತ್ತಾರೆ, ದಿಬ್ಬ ಮಾಡುತ್ತಾರೆ, ಮತ್ತೆ ಅದನ್ನೇ ಸರಿಸಿ ಬಯಲು ಮಾಡುತ್ತಾರೆ. ಮರುಭೂಮಿಯಲ್ಲಿ ನಿನ್ನೆಯ ದಾರಿ ಇಂದು ಇರುವುದಿಲ್ಲ, ನೀರು ಸಿಗುವುದಿಲ್ಲ, ಬೇರೆ ಗತಿಯಿಲ್ಲದಿದ್ದರೆ ಮಾತ್ರ ಜನ ಅಲ್ಲಿಗೆ ಕಾಲಿಡುತ್ತಾರೆ ಎಂಬುದು ಮಕ್ಕಳಿಗೆ ಆ ಕೈಯ ಚಲನೆಯಿಂದಲೇ ಅರ್ಥವಾಗುತ್ತದೆ.

ಆಮೇಲೆ ನೀಲಿ ನೂಲಿನ ಎಳೆಯೊಂದು ಮರಳ ಮೇಲೆ ಇಳಿದು ಯೂಫ್ರೆಟಿಸ್ ನದಿಯಾಗುತ್ತದೆ. ಒಂದು ಮರದ ತುಂಡು ಊರ್ ಪಟ್ಟಣ, ಇನ್ನೊಂದು ಖಾರಾನ್. ಬೆರಳುದ್ದದ ಎರಡು ಮರದ ಗೊಂಬೆಗಳು ಅಬ್ರಹಾಮ ಮತ್ತು ಸಾರಾ. ಅವರು ಮರಳಲ್ಲಿ ಗುರುತು ಮೂಡಿಸುತ್ತ ನಿಧಾನವಾಗಿ ಸಾಗುತ್ತಾರೆ. ಶೆಕೆಮಿನಲ್ಲಿ ನಾಲ್ಕು ಕಲ್ಲು ಪೇರಿಸಿ ಒಂದು ಬಲಿಪೀಠ, ಬೇತೇಲಿನಲ್ಲಿ ಇನ್ನೊಂದು. ಮುಪ್ಪಿನಲ್ಲಿ ಮಗುವಾಗುತ್ತದೆಂಬ ಸುದ್ದಿ ಕೇಳಿ ಸಾರಾ ನಗುತ್ತಾಳೆ, ಇಸಾಕ ಹುಟ್ಟುತ್ತಾನೆ, ಕುಟುಂಬ ಬೆಳೆಯುತ್ತದೆ. ಸಂತತಿ ಮರಳಿನ ಕಣಗಳಷ್ಟಾಗುತ್ತದೆಂದು ದೇವರು ಕೊಟ್ಟ ಮಾತಿಗೆ ಬೇರೆ ಚಿತ್ರ ಬೇಡ, ಪೆಟ್ಟಿಗೆ ತುಂಬ ಅದೇ ಇದೆ.

‘ಗಾಡ್ಲಿ ಪ್ಲೇ’ ಎಂಬ ಹೆಸರಿನ ಈ ಕ್ರಮದಲ್ಲಿ ಕಥೆ ಹೇಳುವವರು ಕಥೆಯುದ್ದಕ್ಕೂ ಮಕ್ಕಳ ಮುಖ ನೋಡುವುದಿಲ್ಲ. ಅವರ ಕಣ್ಣು ಗೊಂಬೆಗಳ ಮೇಲೇ ಇರುತ್ತದೆ. ತರಗತಿಯಲ್ಲಿ ನುರಿತ ಶಿಕ್ಷಕರಿಗೆ ಮೊದಲಿಗೆ ಇದು ಬಲು ಕಷ್ಟ. ಮಕ್ಕಳು ಗಮನವಿಟ್ಟು ಕೇಳುತ್ತಿದ್ದಾರೋ ಇಲ್ಲವೋ ಎಂದು ತಿರುತಿರುಗಿ ನೋಡುವುದು ಅವರ ರೂಢಿ. ಇಲ್ಲಿ ದೊಡ್ಡವರು ಕಥೆಯಲ್ಲಿ ಮುಳುಗಿದರೆ ಮಕ್ಕಳೂ ಅದರೊಳಗೆ ಬರುತ್ತಾರೆ ಎಂಬ ನಂಬಿಕೆಯ ಮೇಲೆ ಎಲ್ಲವೂ ನಿಂತಿದೆ. ಗದ್ದಲವಾದರೆ ನೋಡಿಕೊಳ್ಳಲು ಬಾಗಿಲ ಬಳಿ ಇನ್ನೊಬ್ಬರು ಇರುತ್ತಾರೆ.

ಕಥೆ ಮುಗಿದ ಮೇಲೆ ‘ಅಬ್ರಹಾಮ ಯಾವ ಊರಿನವನು?’ ಎಂಬ ಪ್ರಶ್ನೆ ಬರುವುದಿಲ್ಲ. ಈ ಕಥೆಯಲ್ಲಿ ನಿಮಗೆ ತುಂಬ ಇಷ್ಟವಾದ ಭಾಗ ಯಾವುದಿರಬಹುದು? ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು? ನೀವು ಇದರಲ್ಲಿ ಎಲ್ಲಿದ್ದೀರಿ? ಯಾವುದನ್ನು ಬಿಟ್ಟರೂ ನಮಗೆ ಬೇಕಾದಷ್ಟು ಕಥೆ ಉಳಿಯುತ್ತದೆ? ಹೀಗೆ ನಾಲ್ಕು ಅಚ್ಚರಿಯ ಪ್ರಶ್ನೆಗಳನ್ನು ಮಕ್ಕಳ ಮುಂದಿಡುತ್ತಾರೆ. ನಾಲ್ಕನೆಯದು ಎದೆಗಾರಿಕೆಯ ಪ್ರಶ್ನೆ. ಪವಿತ್ರ ಗ್ರಂಥದ ಕಥೆಯಿಂದ ಒಂದು ಭಾಗ ತೆಗೆದು ನೋಡು ಎಂದು ಐದು ವರ್ಷದ ಮಗುವಿಗೆ ಹೇಳುವ ಧೈರ್ಯ ಎಷ್ಟು ಶಾಲೆಗಳಲ್ಲಿದೆ? ನದಿಯನ್ನು ತೆಗೆಯಲೇ, ಸಾರಾಳ ನಗುವನ್ನು ತೆಗೆಯಲೇ ಎಂದು ಯೋಚಿಸುತ್ತಲೇ ಮಗು ಇಡೀ ಕಥೆಯನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಕಟ್ಟುತ್ತದೆ. ಉತ್ತರ ಸರಿಯೋ ತಪ್ಪೋ ಎಂದು ಯಾರೂ ಹೇಳುವುದಿಲ್ಲ. ಸುಮ್ಮನಿರುವುದೂ ಒಂದು ಉತ್ತರವೇ.

ಈ ಕ್ರಮವನ್ನು ರೂಪಿಸಿದವರು ಅಮೆರಿಕದ ಪಾದ್ರಿ ಜೆರೋಮ್ ಬೆರಿಮನ್ ಮತ್ತು ಅವರ ಪತ್ನಿ ಥಿಯಾ. 1970ರ ದಶಕದ ಆರಂಭದಲ್ಲಿ ಮಾಂಟೆಸರಿ ಶಿಕ್ಷಣ ಕಲಿಯಲು ಇಟಲಿಯ ಬೆರ್ಗಾಮೋಗೆ ಹೋದ ಬೆರಿಮನ್, ಸೋಫಿಯಾ ಕವಲ್ಲೆಟ್ಟಿ ಅವರ ಕೆಲಸವನ್ನು ಕಂಡರು. ಕವಲ್ಲೆಟ್ಟಿ ಮಕ್ಕಳ ಶಿಕ್ಷಕಿಯಾಗಿರಲಿಲ್ಲ, ಹೀಬ್ರೂ ಬಲ್ಲ ಬೈಬಲ್ ವಿದ್ವಾಂಸೆ. 1954ರಲ್ಲಿ ಪರಿಚಿತರೊಬ್ಬರು ಏಳು ವರ್ಷದ ಹುಡುಗನಿಗೆ ಧರ್ಮಪಾಠ ಹೇಳಿಕೊಡಿ ಎಂದು ಕೇಳಿಕೊಂಡಾಗ ಅವರು ಒಲ್ಲದ ಮನಸ್ಸಿನಿಂದಲೇ ಒಪ್ಪಿದರಂತೆ. ಆದಿಕಾಂಡದ ಮೊದಲ ಪುಟ ತೆರೆದು ಎರಡು ಗಂಟೆ ಕಳೆದ ಮೇಲೆ, ಮನೆಗೆ ಹೋಗಬೇಕೆಂದಾಗ ಹುಡುಗನ ಕಣ್ಣಲ್ಲಿ ನೀರು. ಮಾಂಟೆಸರಿ ಶಿಕ್ಷಕಿ ಜಾನ್ನಾ ಗೋಬ್ಬಿ ಅವರ ಜೊತೆಗೂಡಿ ರೋಮಿನ ವಿಯಾ ಡೆಲ್ಯಿ ಓರ್ಸಿನಿಯ ತಮ್ಮ ಮನೆಯಲ್ಲೇ ಕವಲ್ಲೆಟ್ಟಿ ಮಕ್ಕಳ ಕೋಣೆ ತೆರೆದರು. 2011ರಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕು ಈ ಮಕ್ಕಳ ಸುತ್ತಲೇ ಇತ್ತು.

ಆ ಕೋಣೆಯ ವಸ್ತುಗಳು ತೀರಾ ಸರಳ. ಒಂದು ಮರದ ಕುರಿಹಟ್ಟಿ, ಕೆಲವು ಕುರಿಗಳು, ಒಬ್ಬ ಕುರುಬ. ಕುರುಬ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ ಎಂಬ ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯ ಇದರ ಕಥೆ. ‘ಆ ಕುರಿಗಳು ಯಾರು?’ ಎಂದು ದೊಡ್ಡವರು ಬಿಡಿಸಿ ಹೇಳುವುದಿಲ್ಲ. ಮಕ್ಕಳು ವಾರಗಟ್ಟಲೆ ಕುರಿಗಳನ್ನು ಹಟ್ಟಿಯಿಂದ ಹೊರಗೆ, ಹೊರಗಿಂದ ಹಟ್ಟಿಗೆ ನಡೆಸುತ್ತಾರೆ. ಆ ಕುರಿಗಳು ತಾವೇ ಎಂಬುದು ಒಂದು ದಿನ ಅವರಿಗೇ ಹೊಳೆಯಲಿ ಎಂದು ಶಿಕ್ಷಕಿಯರು ಕಾಯುತ್ತಾರೆ.

ಬೆರಿಮನ್ ಕವಲ್ಲೆಟ್ಟಿ ಅವರ ಈ ಕ್ರಮಕ್ಕೆ ಮರುಭೂಮಿಯ ಪೆಟ್ಟಿಗೆಯನ್ನೂ ಬಂಗಾರದ ಬಣ್ಣದ ಪೆಟ್ಟಿಗೆಗಳನ್ನೂ ಸೇರಿಸಿದರು. ಯೇಸುವಿನ ಸಾಮ್ಯಗಳಿರುವುದು ಬಂಗಾರದ ಪೆಟ್ಟಿಗೆಯಲ್ಲಿ. ಸಾಮ್ಯವೂ ಉಡುಗೊರೆಯ ಹಾಗೆ ಮುಚ್ಚಿಕೊಂಡು ಬರುತ್ತದೆ, ಮುಚ್ಚಳ ತೆಗೆಯುವ ಸಿದ್ಧತೆ ಕೇಳುವವನಲ್ಲಿರಬೇಕು ಎಂಬುದು ಅದರ ಇಂಗಿತ. ಬಾಬಿಲೋನಿನ ಸೆರೆವಾಸದ ಕಥೆಯಲ್ಲಿ ಮರಳ ಮೇಲೆ ಕಬ್ಬಿಣದ ಸರಪಳಿಯೊಂದು ಅಡ್ಡ ಬೀಳುತ್ತದೆ. ಬೆರಿಮನ್ ಹೂಸ್ಟನ್‌ನ ಆಸ್ಪತ್ರೆಗಳಲ್ಲಿ ಕಾಯಿಲೆಯ ಮಕ್ಕಳ ಜೊತೆ ಕೆಲಸ ಮಾಡಿದವರು. ದುಃಖ, ಒಂಟಿತನ, ಸಾವಿನ ಭಯ ಮಕ್ಕಳಿಗೂ ಇವೆ ಎಂದು ಅವರು ತಿಳಿದಿದ್ದರು. ಸರಪಳಿಯನ್ನು ಮರೆಮಾಡದ ಈ ಕಥನದ ಹಿಂದೆ ಆ ಅರಿವು ಕಾಣುತ್ತದೆ.

ಕಥೆಯ ನಂತರದ ಹೊತ್ತು ಮಕ್ಕಳದು. ಬಣ್ಣ, ಜೇಡಿಮಣ್ಣು, ಕಾಗದ, ಅಥವಾ ಅದೇ ಮರಳ ಪೆಟ್ಟಿಗೆ, ಯಾವುದು ಬೇಕೋ ಅದು. ಇಂದು ಕುರಿಯ ಕಥೆ ಕೇಳಿದ ಮಗು ಹಡಗಿನ ಚಿತ್ರ ಬರೆದರೆ ಅಡ್ಡಿಯಿಲ್ಲ. ಕೊನೆಗೆ ಪ್ರಾರ್ಥನೆ, ಸಣ್ಣ ತಿಂಡಿ, ಆಶೀರ್ವಾದ.

ಮಕ್ಕಳ ಭಾನುವಾರದ ಪಾಠಕ್ಕೆ ಇದಕ್ಕಿಂತ ಹಳೆಯ ಚರಿತ್ರೆಯಿದೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ತೆರೆದ ಶಾಲೆಯಲ್ಲಿ, ವಾರವಿಡೀ ದುಡಿಯುತ್ತಿದ್ದ ಬಡ ಮಕ್ಕಳು ಬೈಬಲ್ ಹಿಡಿದು ಅಕ್ಷರ ಕಲಿತರು. ಕನ್ನಡದ ಮಟ್ಟಿಗೆ ಹೇಳುವುದಾದರೆ, ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಮುದ್ರಣಾಲಯಗಳನ್ನು ಕಟ್ಟಿತು. ಅದೇ ಮಿಶನ್ನಿನ, ಕನ್ನಡ ನಿಘಂಟಿನ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡುಗಬ್ಬವಾಗಿಸಿದರು. ಬಂದ ಕಥೆಗೆ ಇಲ್ಲಿನ ಲಯ ಬೇಕೆಂದು ಅವರು ಆಗಲೇ ಅರಿತಿದ್ದರು.

ಮಾಂಟೆಸರಿ ನಂಟೂ ನಮಗೆ ದೂರದ್ದಲ್ಲ. ಮರಿಯಾ ಮಾಂಟೆಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು, ಯುದ್ಧದ ಕಾರಣ 1946ರವರೆಗೂ ಭಾರತದಲ್ಲೇ ಉಳಿದರು, ಕೆಲಕಾಲ ಕೊಡೈಕನಾಲಿನಲ್ಲಿದ್ದರು. ಅದಕ್ಕೂ ಮುಂಚೆ ಬಾರ್ಸಿಲೋನಾದ ಅವರ ಶಾಲೆಯಲ್ಲಿ ಮಕ್ಕಳೇ ಗೋಧಿ, ದ್ರಾಕ್ಷಿ ಬೆಳೆದು ಪೂಜೆಯ ರೊಟ್ಟಿ, ದ್ರಾಕ್ಷಾರಸದ ಮೂಲವನ್ನು ಕೈಯಾರೆ ಕಂಡಿದ್ದರು. ಕ್ರಿಸ್‌ಮಸ್ ಹತ್ತಿರವಾದಾಗ ಕರಾವಳಿಯ ಮನೆಗಳಲ್ಲಿ ಮಕ್ಕಳು ಗೋದಲಿಯ ಹಸಿರಿಗೆಂದು ಭತ್ತವನ್ನೋ ರಾಗಿಯನ್ನೋ ಮೊಳಕೆ ಬರಿಸುತ್ತಾರೆ. ಮರಿಯಳ ಹುಟ್ಟುಹಬ್ಬವಾದ ಮೊಂತಿ ಹಬ್ಬದ ಮುನ್ನಿನ ಒಂಬತ್ತು ದಿನ ಬಾಲೆ ಮರಿಯಳಿಗೆ ಹೂವು ತರುತ್ತಾರೆ. ಕೈಯಿಂದ ಕಲಿಯುವುದು ನಮ್ಮ ಮಕ್ಕಳಿಗೆ ಹೊಸದಲ್ಲ.

ಹೊಸದಾಗಬೇಕಾದದ್ದು ಬಿಡುವು. ಸಂಡೇ ಸ್ಕೂಲಿಗೆ ಸಿಗುವುದು ಒಂದಿಷ್ಟೇ ಹೊತ್ತು. ಹಾಜರಿ, ಹಾಡು, ಬಾಯಿಪಾಠದ ವಚನ ಮುಗಿಯುವಷ್ಟರಲ್ಲಿ ಕಥೆ ಓಡುತ್ತದೆ. ಬೇಸಿಗೆ ರಜೆಯ ಬೈಬಲ್ ಶಾಲೆಯಲ್ಲಿ (ವಿಬಿಎಸ್) ಹತ್ತಿ ಅಂಟಿಸಿದ ಒಂದೇ ಬಗೆಯ ಕುರಿಗಳನ್ನು ಎಲ್ಲ ಮಕ್ಕಳೂ ಮನೆಗೆ ಒಯ್ಯುತ್ತಾರೆ. ಅದರಲ್ಲಿ ಖುಷಿಯಿದೆ, ಶಿಕ್ಷಕರ ದುಡಿಮೆಯೂ ಇದೆ, ಆದರೆ ಮಗುವಿನ ಸ್ವಂತದ್ದು ಕಡಿಮೆ. ಬಾಯಿಪಾಠ ಬೇಡವೆಂದಲ್ಲ. ಬಾಲ್ಯದಲ್ಲಿ ಕಲಿತ ದಾವೀದನ ಕೀರ್ತನೆಯೊಂದು ಮುಪ್ಪಿನಲ್ಲಿ ಕೈ ಹಿಡಿದದ್ದನ್ನು ಹೇಳುವ ಹಿರಿಯರು ಪ್ರತಿ ಸಭೆಯಲ್ಲೂ ಇದ್ದಾರೆ. ಪ್ರಶ್ನೆಯನ್ನು ತೆರೆದೇ ಬಿಟ್ಟರೆ ಮಕ್ಕಳಿಗೆ ಸಿದ್ಧಾಂತ ತಿಳಿಯುವುದು ಹೇಗೆ ಎಂಬ ಆಕ್ಷೇಪವೂ ಹಗುರವಾದದ್ದಲ್ಲ. ಎರಡಕ್ಕೂ ಜಾಗವಿರಬೇಕು, ಈಗ ಒಂದಕ್ಕೇ ಇದೆ.

ಖರ್ಚು ಇನ್ನೊಂದು ತೊಡಕು. ಗಾಡ್ಲಿ ಪ್ಲೇ ಸಾಮಗ್ರಿಗಳು ಅಮೆರಿಕದ ಕಾನ್ಸಸ್‌ನ ಆಶ್‌ಲ್ಯಾಂಡ್ ಎಂಬ ಸಣ್ಣ ಊರಿನಲ್ಲೂ, ಜರ್ಮನಿಯ ಲೈಪ್ಜಿಗ್‌ನಲ್ಲಿ ಅಂಗವಿಕಲರು ದುಡಿಯುವ ಕಾರ್ಯಾಗಾರದಲ್ಲೂ ತಯಾರಾಗುತ್ತವೆ. ಅಲ್ಲಿಂದ ತರಿಸುವುದು ನಮ್ಮ ಹಳ್ಳಿಯ ಸಭೆಗಳಿಗೆ ಆಗದ ಮಾತು. ಆದರೆ ಕವಲ್ಲೆಟ್ಟಿ ಅವರ ಪದ್ಧತಿಯಲ್ಲಿ ಸಾಮಗ್ರಿಯನ್ನು ಶಿಕ್ಷಕರೇ ಕೈಯಾರೆ ಮಾಡಿಕೊಳ್ಳಬೇಕೆಂಬ ರೂಢಿಯಿದೆ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಕುಶಲಕರ್ಮಿಗಳಿದ್ದಾರೆ. ಒಬ್ಬ ಕುರುಬ, ಕೆಲವು ಕುರಿಗಳು, ಅಬ್ರಹಾಮ, ಸಾರಾ, ಇವು ಆ ಕುಶಲಕರ್ಮಿಗಳ ಕೈಗೆ ದೊಡ್ಡ ಕೆಲಸವಲ್ಲ. ಪೆಟ್ಟಿಗೆಯನ್ನು ಊರಿನ ಬಡಗಿಯೇ ಮಾಡಿಕೊಟ್ಟಾರು.

ಬರುವ ಬೇಸಿಗೆಯ ಶಿಬಿರಕ್ಕೆ ತಯಾರಿ ನಡೆಸುವ ಸಭೆಗಳು ಹತ್ತು ಕಥೆಗಳ ಬದಲು ಮೂರನ್ನೇ ಆರಿಸಿಕೊಳ್ಳಲಿ. ಒಂದು ಕಥೆಯನ್ನಾದರೂ ಮರಳ ಮೇಲೆ ಹೇಳಿ, ಆಮೇಲಿನ ಅರ್ಧ ಗಂಟೆಯನ್ನು ಮಕ್ಕಳಿಗೇ ಬಿಟ್ಟುಕೊಡಲಿ.