ಹಿಂಜ್ ಪಕ್ಕದ ಸ್ಟ್ರಿಪ್: ತಪ್ಪು ಕಲ್ಪನೆ ಮತ್ತು ಸತ್ಯ

ಲ್ಯಾಪ್‌ಟಾಪ್‌ನ ಮುಚ್ಚಳ ತೆರೆದಾಗಲೆಲ್ಲ ಹಿಂಜ್ ಪಕ್ಕದಲ್ಲಿ ಒಂದು ಕೇಬಲ್ ಬಗ್ಗುತ್ತದೆ. ಕೆಳಗಿನ ಬೋರ್ಡಿನಿಂದ ಮೇಲಿನ ಪರದೆಗೆ ವಿದ್ಯುತ್ತನ್ನೂ ಚಿತ್ರದ ಸಂಕೇತವನ್ನೂ ಒಯ್ಯುವುದು ಅದೇ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಕೂದಲೆಳೆಯಂಥ ತಂತಿಗಳ ಕಟ್ಟು. ಇನ್ನು ಕೆಲವುಗಳಲ್ಲಿ, ಮಡಚುವ ಫೋನುಗಳಲ್ಲೂ, ಅದು ತೆಳು ಹಾಳೆಯ ಮೇಲೆ ತಾಮ್ರದ ಗೆರೆಗಳಿರುವ ಫ್ಲೆಕ್ಸ್ ಕೇಬಲ್. ರಿಪೇರಿ ಅಂಗಡಿಯವರು ಇದನ್ನು ಸ್ಟ್ರಿಪ್ ಎನ್ನುತ್ತಾರೆ.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಗ್ರಾಮ ಒನ್ ಕೇಂದ್ರದಿಂದ ಹಿಡಿದು ಝೆರಾಕ್ಸ್ ಅಂಗಡಿಯವರೆಗೆ ಲ್ಯಾಪ್‌ಟಾಪ್ ನಿತ್ಯದ ಸಲಕರಣೆ. 2019–20ನೇ ಸಾಲಿನಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರ ಕೊಟ್ಟ ಲ್ಯಾಪ್‌ಟಾಪ್‌ಗಳಿಗೂ ಈಗ ಹಿಂಜ್ ಸವೆಯುವ ವಯಸ್ಸು. ಪರದೆ ಮಿನುಗಲು ಶುರುವಾದಾಗ ಅಂಗಡಿಯ ಮೇಜಿನ ಮೇಲೆ ನಡೆಯುವ ಕೆಲಸದ ಹಿಂದೆ ಕೆಲವು ಗಟ್ಟಿ ನಂಬಿಕೆಗಳಿವೆ. ಅವುಗಳಲ್ಲಿ ಹೆಚ್ಚಿನವು ಸ್ಟ್ರಿಪ್‌ನ ಆಕಾರಕ್ಕೆ ಸಂಬಂಧಿಸಿದವು.

ನಂಬಿಕೆ 1: ಸ್ಟ್ರಿಪ್ ಬಗ್ಗುವ ವಸ್ತು, ಹೇಗೆ ಮಡಚಿದರೂ ನಡೆಯುತ್ತದೆ.

ಸತ್ಯ: ಸಲೀಸಾಗಿ ಬಗ್ಗುವುದು ಹಾಳೆ, ಒಳಗಿನ ತಾಮ್ರಕ್ಕೆ ಮಿತಿಯಿದೆ. ಒಂದು ಪದರದ ಸಾಮಾನ್ಯ ಸ್ಟ್ರಿಪ್‌ನಲ್ಲಿ 25 ಮೈಕ್ರಾನ್‌ನ ಪಾಲಿಇಮೈಡ್ ಹಾಳೆ, ಅಂಟು, 18 ಮೈಕ್ರಾನ್‌ನ ತಾಮ್ರ, ಮತ್ತೆ ಅಂಟು, ಮೇಲೊಂದು ಹೊದಿಕೆ ಇರುತ್ತವೆ. ಒಟ್ಟು ದಪ್ಪ ಸುಮಾರು 0.1 ಮಿ.ಮೀ. ಇದನ್ನು 1 ಮಿ.ಮೀ. ತ್ರಿಜ್ಯದಲ್ಲಿ ಬಗ್ಗಿಸಿದರೆ ಹೊರಮೈ ಶೇ. 5ರಷ್ಟು ಹಿಗ್ಗುತ್ತದೆ, ಒಳಮೈ ಅಷ್ಟೇ ಕುಗ್ಗುತ್ತದೆ. ನಟ್ಟನಡುವಿನ ಪದರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ತಾಮ್ರವನ್ನು ಆ ನಡುವಿನಲ್ಲೇ ಕೂರಿಸಿದರೆ ಅದೇ ಬಾಗಿನಲ್ಲಿ ಅದರ ಮೇಲೆ ಬೀಳುವ ಎಳೆತ ಶೇ. 0.9ಕ್ಕೆ ಇಳಿಯುತ್ತದೆ. ಬಾಗುವ ಜಾಗದಲ್ಲಿ ಮೇಲಿನ ಹೊದಿಕೆಯನ್ನು ಬ್ಲೇಡಿನಿಂದ ಕೆರೆದವರು ಈ ಸಮತೋಲವನ್ನೇ ಕೆಡಿಸುತ್ತಾರೆ: ನಡುವೆ ಇದ್ದ ತಾಮ್ರ ಹೊರಮೈಗೆ ಬಂದು ಪೂರ್ತಿ ಎಳೆತ ಅದರ ಪಾಲಾಗುತ್ತದೆ.

ಒಂದೇ ಸಲ ಮಡಚಿ ಕೂರಿಸುವ ಕಡೆ, ಒಂದು ಪದರದ ಸ್ಟ್ರಿಪ್‌ಗೆ ಅದರ ದಪ್ಪದ 6 ಪಟ್ಟು ತ್ರಿಜ್ಯ ಸಾಕೆಂದು ವಿನ್ಯಾಸಕಾರರು ಲೆಕ್ಕ ಹಿಡಿಯುತ್ತಾರೆ. ಎರಡು ಪದರವಿದ್ದರೆ 12 ಪಟ್ಟು. ದಿನಾ ಬಗ್ಗುವ ಹಿಂಜ್‌ನಲ್ಲಿ ಸುಮಾರು 100 ಪಟ್ಟು ಬೇಕು. ಹಾಗಾಗಿ 0.1 ಮಿ.ಮೀ. ಸ್ಟ್ರಿಪ್ ಒಂದೆಡೆ 0.6 ಮಿ.ಮೀ. ಬಾಗನ್ನು ತಡೆದುಕೊಂಡೀತು, ಇನ್ನೊಂದೆಡೆ 10 ಮಿ.ಮೀ. ಕೇಳೀತು.

ನಂಬಿಕೆ 2: ಪದೇ ಪದೇ ಬಗ್ಗುವ ಕೇಬಲ್ ಬೇಗ ಹಾಳಾಗಲೇಬೇಕು.

ಸತ್ಯ: ಇಂಕ್‌ಜೆಟ್ ಪ್ರಿಂಟರಿನ ಹೆಡ್‌ಗೆ ಅಂಟಿದ ಸ್ಟ್ರಿಪ್ ಒಂದೊಂದು ಪುಟಕ್ಕೂ ಹತ್ತಾರು ಸಲ ಹೋಗಿ ಬರುತ್ತದೆ, ಆದರೂ ವರ್ಷಗಟ್ಟಲೆ ಬಾಳುತ್ತದೆ. ಅಲ್ಲಿ ಬಾಗು ಅಗಲವಾಗಿರುತ್ತದೆ, ಹೆಡ್ ಸರಿದಂತೆ ಬಾಗೂ ಪಟ್ಟಿಯುದ್ದಕ್ಕೂ ಉರುಳಿಕೊಂಡು ಹೋಗುತ್ತದೆ. ಮನೆ ಕಟ್ಟುವಾಗ ಬೈಂಡಿಂಗ್ ವೈರನ್ನು ಒಂದೇ ಕಡೆ ಹಿಂದೆ ಮುಂದೆ ಆಡಿಸಿ ಮುರಿಯುವ ಹಾಗೆ, ಬಾಗು ಒಂದೇ ಗೆರೆಯಲ್ಲಿ ನಿಂತಾಗ ಲೋಹ ಬೇಗ ದಣಿದು ಬಿರುಕು ಬಿಡುತ್ತದೆ. ದಿನಕ್ಕೆ 20 ಸಲ ತೆರೆಯುವ ಲ್ಯಾಪ್‌ಟಾಪ್ 5 ವರ್ಷಗಳಲ್ಲಿ 36,500 ಸಲ ತೆರೆದುಕೊಳ್ಳುತ್ತದೆ. 2019ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋಲ್ಡ್ 2 ಲಕ್ಷ ಮಡಿಕೆಗಳ ಪರೀಕ್ಷೆ ದಾಟಿದೆ ಎಂದು ಕಂಪನಿ ಹೇಳಿಕೊಂಡಿತ್ತು. ಎಣಿಕೆಗಿಂತ ಹೆಚ್ಚಾಗಿ ಬಾಗಿನ ಆಕಾರವೇ ಆಯುಷ್ಯವನ್ನು ತೀರ್ಮಾನಿಸುತ್ತದೆ.

ನಂಬಿಕೆ 3: ತಾಮ್ರ ದಪ್ಪವಿದ್ದಷ್ಟೂ, ಪದರ ಹೆಚ್ಚಿದ್ದಷ್ಟೂ ಸ್ಟ್ರಿಪ್ ಗಟ್ಟಿ.

ಸತ್ಯ: ಹಿಂಜ್‌ನಲ್ಲಿ ಇದು ತಲೆಕೆಳಗಾದ ಮಾತು. ದಪ್ಪ ಅರ್ಧವಾದರೆ ಅದೇ ಬಾಗಿನಲ್ಲಿ ಹೊರಮೈಯ ಎಳೆತವೂ ಅರ್ಧವಾಗುತ್ತದೆ. ಬಗ್ಗುವ ಜಾಗಕ್ಕೆ ಸಾಮಾನ್ಯವಾಗಿ ಉರುಳೆಗಳ ನಡುವೆ ಲಟ್ಟಿಸಿ, ಕಾಯಿಸಿ ಮೆದು ಮಾಡಿದ ತಾಮ್ರದ ತಗಡನ್ನು ಆರಿಸುತ್ತಾರೆ. ಗೆರೆಗಳು ಬಾಗಿಗೆ ಅಡ್ಡಲಾಗಿ, ನೇರವಾಗಿ ದಾಟಬೇಕು. ಅಲ್ಲಿ ತೂತು, ಬೆಸುಗೆ, ಚೂಪು ತಿರುವು ಇರಬಾರದು. ಎರಡು ಪದರವಿದ್ದರೆ ಒಂದರ ಗೆರೆ ಇನ್ನೊಂದರ ನೇರಕ್ಕೆ ಬಾರದಂತೆ ಸರಿಸಿರುತ್ತಾರೆ. ಒಂದರ ಮೇಲೊಂದು ಕೂತರೆ ಪಟ್ಟಿ ತೊಲೆಯಾಗಿ ಸೆಟೆಯುತ್ತದೆ. ಕನೆಕ್ಟರ್ ತುದಿಗೆ ಅಂಟಿಸಿರುವ ಬಿರುಸು ಹಲಗೆ ಮಾತ್ರ ಬೇಕಾದದ್ದೇ. ಆದರೆ ಬಾಗು ಅದರ ಅಂಚಿನಲ್ಲೇ ಶುರುವಾಗದೆ ಕೆಲವು ಮಿ.ಮೀ. ದೂರ ಇರಬೇಕು.

ನಂಬಿಕೆ 4: ಸ್ಟ್ರಿಪ್ ಗಿಡ್ಡವಾಗಿ, ಬಿಗಿಯಾಗಿದ್ದರೆ ಅಚ್ಚುಕಟ್ಟು; ಸಡಿಲ ಬಿಟ್ಟರೆ ಸಿಕ್ಕಿಕೊಳ್ಳುತ್ತದೆ.

ಸತ್ಯ: ಹಿಂಜ್‌ನಲ್ಲಿ ಹೆಚ್ಚುವರಿ ಉದ್ದವೇ ರಕ್ಷಣೆ. ಮುಚ್ಚಳ 120 ಡಿಗ್ರಿ ತೆರೆಯುತ್ತದೆ ಎಂದಿಟ್ಟುಕೊಂಡರೆ, ಆ ತಿರುವನ್ನೆಲ್ಲ 3 ಮಿ.ಮೀ. ಉದ್ದದ ತುಂಡು ಹೊರಬೇಕಾದಾಗ ಬಾಗಿನ ತ್ರಿಜ್ಯ ಸುಮಾರು 1.4 ಮಿ.ಮೀ.ಗೆ ಬೀಳುತ್ತದೆ. ಅದೇ ಸ್ಟ್ರಿಪ್ ಹಿಂಜ್‌ನ ಸುತ್ತ 5 ಮಿ.ಮೀ. ತ್ರಿಜ್ಯದಲ್ಲಿ ಒಂದು ಪೂರ್ತಿ ಸುತ್ತು ಬಂದಿದ್ದರೆ, ಸುತ್ತಿನ ಉದ್ದ 31 ಮಿ.ಮೀ. ಆಗುತ್ತದೆ. ತೆರೆದಾಗ ಸುತ್ತು ಬಿಚ್ಚಿಕೊಳ್ಳುವ ದಿಕ್ಕಿನಲ್ಲಿ ಸುತ್ತಿದ್ದರೆ 360 ಡಿಗ್ರಿ 240 ಆಗಿ, ತ್ರಿಜ್ಯ 7.5 ಮಿ.ಮೀ.ಗೆ ಏರುತ್ತದೆ. ಮೇಲೆ ಹೇಳಿದ 10 ಮಿ.ಮೀ. ಮುಟ್ಟದಿದ್ದರೂ ಎಲ್ಲಿಯೂ ಬಾಗು ಚೂಪಾಗುವುದಿಲ್ಲ.

ಉದ್ದದ ಬೆಲೆ ಜಗತ್ತಿಗೆ ತಿಳಿದದ್ದು ಆ್ಯಪಲ್‌ನ 2016ರ ಮ್ಯಾಕ್‌ಬುಕ್ ಪ್ರೊದಿಂದ. ಅದರ ಪರದೆಯ ಕೇಬಲ್ ಬೋರ್ಡಿನ ಮೇಲೆ ಬಿಗಿಯಾಗಿ ಸುತ್ತಿಕೊಂಡಿತ್ತು. ಕೆಲವು ಯಂತ್ರಗಳಲ್ಲಿ ಪರದೆಯ ಕೆಳಗಂಚಿನಲ್ಲಿ ಬೆಳಕಿನ ತೇಪೆಗಳು ಮೂಡಿ, ಕೊನೆಗೆ ಬೆಳಕೇ ಹೋಗುತ್ತಿತ್ತು. 2018ರ ಮಾದರಿಯಲ್ಲಿ ಈ ಕೇಬಲ್ 2 ಮಿ.ಮೀ. ಉದ್ದವಾಗಿರುವುದನ್ನು ರಿಪೇರಿ ಮಾರ್ಗದರ್ಶಿ ತಾಣವಾದ ಐಫಿಕ್ಸಿಟ್‌ನ ತಂಡ ಬಿಚ್ಚಿ ತೋರಿಸಿತು. 2019ರ ಮೇ ತಿಂಗಳಲ್ಲಿ ಆ್ಯಪಲ್ 2016ರ 13 ಇಂಚಿನ ಮಾದರಿಗೆ ಉಚಿತ ರಿಪೇರಿ ಘೋಷಿಸಿತು.

ನಂಬಿಕೆ 5: ಬ್ಲೋವರ್‌ನಿಂದ ಬಿಸಿ ಗಾಳಿ ಕೊಟ್ಟರೆ ಸ್ಟ್ರಿಪ್ ಬೇಕಾದ ಆಕಾರಕ್ಕೆ ಬರುತ್ತದೆ.

ಸತ್ಯ: ಪಾಲಿಇಮೈಡ್ ಸಾಮಾನ್ಯ ಪ್ಲಾಸ್ಟಿಕ್ಕಿನಂತೆ ಕರಗಿ ಮೆತ್ತಗಾಗುವ ವಸ್ತುವಲ್ಲ. ಡ್ಯುಪಾಂಟ್ ಕಂಪನಿ ರೂಪಿಸಿದ ಕ್ಯಾಪ್ಟಾನ್ ಎಂಬ ಪಾಲಿಇಮೈಡ್ ಹಾಳೆ 400 ಡಿಗ್ರಿ ಸೆಲ್ಸಿಯಸ್‌ವರೆಗೂ ತಡೆಯುತ್ತದೆ. ಬಿಸಿಗೆ ಮೊದಲು ಸೋಲುವುದು ಪದರಗಳ ನಡುವಿನ ಅಂಟು. ತೇವವೂ ಒಂದು ಅಪಾಯ: ಪಾಲಿಇಮೈಡ್ ತನ್ನ ತೂಕದ ಶೇ. 2ರಿಂದ 3ರವರೆಗೂ ನೀರು ಹೀರಬಲ್ಲದು. ಮಲೆನಾಡಿನ ಅಂಚಿನ ಹಾನಗಲ್‌ನಂಥ ಕಡೆ ಮಳೆಗಾಲದಲ್ಲಿ ತೆರೆದಿಟ್ಟ ಸ್ಟ್ರಿಪ್‌ಗೆ ಏಕಾಏಕಿ ಬಿಸಿ ಕೊಟ್ಟರೆ, ಒಳಗಿನ ತೇವ ಆವಿಯಾಗಿ ಪದರಗಳ ನಡುವೆ ಬೊಬ್ಬೆ ಏಳುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಬೆಸುಗೆಗೆ ಮುಂಚೆ ಸ್ಟ್ರಿಪ್‌ಗಳನ್ನು 100 ಡಿಗ್ರಿಗಿಂತ ತುಸು ಮೇಲಿನ ಶಾಖದಲ್ಲಿ ಇಟ್ಟು ಒಣಗಿಸುತ್ತಾರೆ.

ಒಮ್ಮೆ ಬಗ್ಗಿಸಿ ಕೂರಿಸಬೇಕಾದ ಕಡೆ ಆಕಾರವನ್ನು ಹಿಡಿದಿಡುವುದು ಬಗ್ಗಿದ ತಾಮ್ರ. ಬಾಗಿನ ಒಳಗೆ ನಯವಾದ ದುಂಡನೆ ಕಡ್ಡಿಯೊಂದನ್ನು ಇಟ್ಟು, ಅದರ ಸುತ್ತ ಪಟ್ಟಿಯನ್ನು ನಿಧಾನವಾಗಿ ಹೊರಳಿಸಬೇಕು; 3 ಮಿ.ಮೀ. ದಪ್ಪದ ಪೆನ್ನಿನ ರೀಫಿಲ್ 1.5 ಮಿ.ಮೀ. ತ್ರಿಜ್ಯ ಕೊಡುತ್ತದೆ. ಕೈ ಬಿಟ್ಟಾಗ ಪಟ್ಟಿ ಸ್ವಲ್ಪ ಹಿಂದಕ್ಕೆ ಚಿಮ್ಮುವುದು ಸಹಜ. ಉಗುರಿನಿಂದ ಗೀರಿ ಮಡಿಕೆ ಹಾಕಬಾರದು. ಬಿದ್ದ ಮಡಿಕೆಯನ್ನು ಬಿಡಿಸಿ ನೇರ ಮಾಡುವುದೂ ತಾಮ್ರಕ್ಕೆ ಎರಡನೆಯ ಪೆಟ್ಟು.

ನಂಬಿಕೆ 6: ಕಡಿದ ಗೆರೆಗೆ ಬೆಸುಗೆ ಹಾಕಿದರೆ ಮೊದಲಿನಂತಾಗುತ್ತದೆ.

ಸತ್ಯ: ಅಲುಗಾಡದ ಭಾಗದಲ್ಲಿ, ಕಡಿದ ತುದಿಗಳನ್ನು ಸೇರಿಸಿ ಬೆಸೆದ ಜಂಪರ್ ತಂತಿ ಬಹಳ ದಿನ ನಡೆಯಬಹುದು. ಹಿಂಜ್‌ನ ಬಾಗಿನಲ್ಲಿ ಬೆಸುಗೆ ಬಿದ್ದ ಜಾಗ ಸೆಟೆದು, ಬಾಗೆಲ್ಲ ಅದರ ಪಕ್ಕಕ್ಕೆ ಸರಿಯುತ್ತದೆ. ಮುಂದಿನ ಬಿರುಕು ಅಲ್ಲೇ. ಇನ್ನೊಂದು ತೊಡಕು ಸಂಕೇತದ್ದು. ಪರದೆಯ ಚಿತ್ರ ಜೋಡಿ ಗೆರೆಗಳಲ್ಲಿ ಬಲು ವೇಗವಾಗಿ ಹರಿಯುತ್ತದೆ. ಎಲ್‌ವಿಡಿಎಸ್ ಎಂಬ ಸಂಕೇತದ ಬಗೆಯಲ್ಲಿ ಪ್ರತಿ ಜೋಡಿಯೂ 100 ಓಮ್‌ನ ಲೆಕ್ಕಕ್ಕೆ ಹೊಂದಿರಬೇಕು. ನಡುವೆ ಬಂದ ಉದ್ದನೆಯ ಜಂಪರ್ ಈ ಹೊಂದಿಕೆ ಕೆಡಿಸಿ ಚಿತ್ರದಲ್ಲಿ ಚುಕ್ಕೆ, ಗೆರೆ ಮೂಡಿಸಬಹುದು. ಬಾಗಿನಲ್ಲಿ ಕಡಿದ ಸ್ಟ್ರಿಪ್‌ಗೆ ಬದಲಾವಣೆಯೇ ದಾರಿ.

ನಂಬಿಕೆ 7: ಹಿಂಜ್ ಬಿಗಿಯಾದರೆ ಎಣ್ಣೆ ಬಿಡಬೇಕು, ಪರದೆ ಕಪ್ಪಾದರೆ ಪರದೆಯನ್ನೇ ಬದಲಿಸಬೇಕು.

ಸತ್ಯ: ಲ್ಯಾಪ್‌ಟಾಪ್ ಹಿಂಜ್‌ನ ಬಿಗಿ ಬೇಕೆಂದೇ ಇಟ್ಟದ್ದು, ಪರದೆ ನಿಲ್ಲಿಸಿದ ಕೋನದಲ್ಲಿ ನಿಲ್ಲುವುದು ಆ ಘರ್ಷಣೆಯಿಂದ. ಹೊರಗಿನಿಂದ ಬಿಟ್ಟ ಎಣ್ಣೆ ಸುಗ್ಗಿಯ ಕಾಲದ ಗೋವಿನಜೋಳದ ದೂಳನ್ನು ಹಿಡಿದಿಟ್ಟುಕೊಂಡು ಕೇಬಲ್ ದಾರಿಗೂ ಇಳಿಯುತ್ತದೆ. ಮುಚ್ಚಳವನ್ನು ಒಂದು ಮೂಲೆ ಹಿಡಿದು ಎತ್ತುವ ಅಭ್ಯಾಸವೂ ಹಿಂಜ್ ಮತ್ತು ಸ್ಟ್ರಿಪ್ ಎರಡಕ್ಕೂ ತಿರುಚು ಕೊಡುತ್ತದೆ. ನಡುವೆ ಹಿಡಿದು ಎತ್ತುವುದು ಸರಿ.

ದೋಷ ಎಲ್ಲಿದೆ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಮುಚ್ಚಳದ ಕೋನ ಬದಲಾದಂತೆ ಚಿತ್ರ ಬಂದು ಹೋದರೆ ಮೊದಲ ಅನುಮಾನ ಕೇಬಲ್ ಮೇಲೆ. ಎಚ್‌ಡಿಎಂಐ ಮೂಲಕ ಟಿವಿಗೆ ಜೋಡಿಸಿದಾಗ ಚಿತ್ರ ಸರಿಯಾಗಿ ಬಂದರೆ ತೊಂದರೆ ಬಹುಮಟ್ಟಿಗೆ ಕೇಬಲ್ಲಿನಲ್ಲೋ ಪರದೆಯಲ್ಲೋ ಇದೆ. ಕೇಬಲ್ ತರಿಸುವಾಗ ಪಿನ್ನುಗಳ ಸಂಖ್ಯೆ ಒಂದೇ ಎಂದು ಒಪ್ಪಿಕೊಳ್ಳುವಂತಿಲ್ಲ: 40 ಪಿನ್ನಿನ ಎರಡು ಕೇಬಲ್‌ಗಳಲ್ಲಿ ವಿದ್ಯುತ್ ಬರುವ ಪಿನ್ ಬೇರೆ ಬೇರೆ ಇರಬಹುದು, ತಪ್ಪಿದರೆ ಪರದೆಯ ಬೋರ್ಡೇ ಸುಡಬಹುದು. ಹಳೆಯ ಕೇಬಲ್ ಮೇಲಿನ ಪಾರ್ಟ್ ನಂಬರ್, ಉದ್ದ, ಬಾಗಿನ ಆಕಾರ ಮೂರೂ ತಾಳೆಯಾಗಬೇಕು. ಹೊಸದನ್ನು ಹಳೆಯ ದಾರಿಯಲ್ಲೇ, ಅಷ್ಟೇ ಸಡಿಲು ಉಳಿಸಿ ಕೂರಿಸಬೇಕು.