ಕ್ರಿಪ್ಟೊ ಸಂಪತ್ತು: ವ್ಯಾಪಾರ ಸಂಸ್ಥೆ ಮತ್ತು ಕೀಲಿಯ ಹೊಣೆ

ವ್ಯಾಪಾರದ ಇತಿಹಾಸವನ್ನು ಅಭ್ಯಸಿಸುವವರಿಗೆ ಹಣದ ರೂಪ ಬದಲಾಗುವುದು ಹೊಸ ಸಂಗತಿಯಲ್ಲ. ನಾಣ್ಯ, ಹುಂಡಿ, ಕಾಗದದ ನೋಟು, ಚೆಕ್ಕು ಇವುಗಳಲ್ಲಿ ಪ್ರತಿಯೊಂದೂ ತನ್ನದೇ ಆದ ಅಪಾಯವನ್ನು ಜತೆಗೆ ತಂದಿತು. ಆ ಅಪಾಯವನ್ನು ಯಾರು ಹೊರಬೇಕೆಂಬ ಕಟ್ಟಳೆ ಮಾತ್ರ ಬಹಳ ಸಲ ತಡವಾಗಿಯೇ ಬಂದಿತು. 2009ರ ಜನವರಿಯಲ್ಲಿ ಬಿಟ್‌ಕಾಯಿನ್ನಿನೊಡನೆ ಆರಂಭವಾದ ಕ್ರಿಪ್ಟೊ ಸಂಪತ್ತಿನ ವಿಷಯದಲ್ಲಿ ಆ ಕಟ್ಟಳೆ ಇನ್ನೂ ರೂಪುಗೊಳ್ಳುತ್ತಲೇ ಇದೆ. ಇಂಥ ಸಂಪತ್ತನ್ನು ವ್ಯವಹಾರದಲ್ಲಿ ಬಳಸಬಯಸುವ ಸಂಸ್ಥೆಯು ಮೊದಲು ಯಾವ ಅಪಾಯವನ್ನು ಎಣಿಸಬೇಕೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಬೆಲೆಯ ಏರಿಳಿತವೆಂದು ಯಾರಾದರೂ ಒಡನೆಯೇ ಹೇಳಿಯಾರು. 2021ರ ನವೆಂಬರಿನಲ್ಲಿ 68,000 ಡಾಲರುಗಳನ್ನು ಮೀರಿದ್ದ ಬಿಟ್‌ಕಾಯಿನ್ನಿನ ಬೆಲೆ ಮರುವರ್ಷ ಅದೇ ತಿಂಗಳಲ್ಲಿ 16,000ಕ್ಕಿಂತ ಕೆಳಗಿಳಿದುದು ನಿಜ. ಆದರೆ ಅಡಕೆ, ಮೆಣಸು, ಹತ್ತಿಗಳ ವರ್ತಕನಿಗೆ ಈ ಕಷ್ಟ ಅಪರಿಚಿತವಲ್ಲ. ನಷ್ಟವಾದರೂ ತಾಳಿಕೊಳ್ಳಬಹುದಾದಷ್ಟನ್ನೇ ತೊಡಗಿಸುವುದು, ಪಾವತಿಯಾಗಿ ಬಂದುದನ್ನು ಅಂದೇ ರೂಪಾಯಿಗೆ ಪರಿವರ್ತಿಸುವುದು ಮುಂತಾದ ಉಪಾಯಗಳನ್ನು ಅವನು ತಾನೇ ಕಂಡುಕೊಳ್ಳುತ್ತಾನೆ. ನನ್ನ ಅಭಿಪ್ರಾಯದಲ್ಲಿ ನಿಜವಾಗಿ ಹೊಸದಾದ ಅಪಾಯವು ಬೆಲೆಯಲ್ಲಿಲ್ಲ, ಕಾಪಿನಲ್ಲಿದೆ.

ಕ್ರಿಪ್ಟೊ ನಾಣ್ಯವೆಂಬುದು ಅನೇಕ ಗಣಕಯಂತ್ರಗಳಲ್ಲಿ ಏಕಕಾಲಕ್ಕೆ ಉಳಿದಿರುವ ಒಂದು ಸಾರ್ವಜನಿಕ ಖಾತೆಯ ನಮೂದು. ಆ ನಮೂದನ್ನು ಮತ್ತೊಬ್ಬರ ಹೆಸರಿಗೆ ವರ್ಗಾಯಿಸಲು ಒಂದು ದೀರ್ಘವಾದ ಗುಪ್ತಸಂಖ್ಯೆ ಬೇಕು. ಅದನ್ನೇ ಕೀಲಿ ಎನ್ನುತ್ತಾರೆ. ಕೀಲಿಯನ್ನು ಬಲ್ಲವನೇ ವ್ಯವಹಾರದಲ್ಲಿ ಒಡೆಯ. ಅದು ಕಳೆದುಹೋದರೆ ಇನ್ನೊಂದನ್ನು ಮಾಡಿಕೊಡುವ ಕಚೇರಿಯಿಲ್ಲ. ಕಳವಾದರೆ ವರ್ಗಾವಣೆಯನ್ನು ರದ್ದುಪಡಿಸುವ ಅಧಿಕಾರಿಯೂ ಇಲ್ಲ.

ನಮ್ಮ ಹಳೆಯ ಹುಂಡಿಯೊಡನೆ ಇದನ್ನು ಹೋಲಿಸಿದರೆ ಭೇದ ಸ್ಪಷ್ಟವಾಗುತ್ತದೆ. ಶಾಹಜೋಗ ಹುಂಡಿಯ ಹಣವನ್ನು ಪೇಟೆಯಲ್ಲಿ ಹೆಸರಾದ ಸಾಹುಕಾರನಿಗೆ ಮಾತ್ರ ಕೊಡಬೇಕಾಗಿತ್ತು. ಹುಂಡಿಯು ಕೃತ್ರಿಮವೆಂದು ತಿಳಿದುಬಂದರೆ ಹಣ ಪಡೆದ ಆ ಸಾಹುಕಾರನೇ ಅದನ್ನು ಹಿಂದಿರುಗಿಸಬೇಕಾಗಿತ್ತು. ಜೋಖಮಿ ಹುಂಡಿಯಲ್ಲಂತೂ, ಅದರ ಹೆಸರೇ ಹೇಳುವಂತೆ, ಹಡಗಿನ ಸರಕು ಕ್ಷೇಮವಾಗಿ ದಡ ಸೇರಿದರಷ್ಟೆ ಹಣ ಸಲ್ಲುತ್ತಿತ್ತು. ಹಡಗು ಮುಳುಗಿದರೆ ಹುಂಡಿಯನ್ನು ಕೊಂಡವನಿಗೆ ನಷ್ಟ. ಅಂದರೆ ಅಪಾಯವನ್ನು ಹೊರುವವನು ಯಾರೆಂಬುದು ವ್ಯವಹಾರಕ್ಕೆ ಮುನ್ನವೇ ಗೊತ್ತಾಗಿರುತ್ತಿತ್ತು. ಕ್ರಿಪ್ಟೊ ವ್ಯವಹಾರದಲ್ಲಿ ಇದು ಎಷ್ಟೋ ಸಲ ನಷ್ಟವಾದ ಮೇಲೆಯೇ ತಿಳಿಯುತ್ತದೆ.

ಕೆನಡಾ ದೇಶದ ಕ್ವಾಡ್ರಿಗಾ ಎಂಬ ವಿನಿಮಯ ಸಂಸ್ಥೆಯ ಕಥೆ ಇದಕ್ಕೆ ತಕ್ಕ ನಿದರ್ಶನ. ಅದರ ಮುಖ್ಯಸ್ಥ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ನಮ್ಮ ಜಯಪುರಕ್ಕೆ ಬಂದಿದ್ದಾಗ, ಮೂವತ್ತರ ವಯಸ್ಸಿನಲ್ಲಿ, ಕಾಯಿಲೆಯಿಂದ ತೀರಿಕೊಂಡನು. ಗ್ರಾಹಕರ ನಾಣ್ಯಗಳ ಕೀಲಿಗಳು ಅವನೊಬ್ಬನಿಗೇ ತಿಳಿದಿದ್ದವೆಂದು 2019ರ ಆರಂಭದಲ್ಲಿ ನ್ಯಾಯಾಲಯಕ್ಕೆ ನಿವೇದಿಸಲಾಯಿತು. ಒಬ್ಬ ಮನುಷ್ಯನ ಸಾವಿನೊಡನೆ ಬೊಕ್ಕಸವೇ ಮುಚ್ಚಿಹೋಯಿತೆಂದು ಜಗತ್ತು ಬೆರಗಾಯಿತು. ಆದರೆ ತನಿಖೆ ನಡೆದಂತೆ ಬೊಕ್ಕಸವು ಬಹುಮಟ್ಟಿಗೆ ಮೊದಲೇ ಬರಿದಾಗಿತ್ತೆಂಬುದು ಹೊರಬಿದ್ದಿತು. ಒಂಟಾರಿಯೊ ಪ್ರಾಂತದ ಷೇರುಪೇಟೆ ನಿಯಂತ್ರಣ ಮಂಡಳಿಯ 2020ರ ವರದಿಯ ಪ್ರಕಾರ, ಕಾಟನ್ ಸುಳ್ಳು ಹೆಸರುಗಳಲ್ಲಿ ಖಾತೆಗಳನ್ನು ತೆರೆದು, ಅವುಗಳಲ್ಲಿ ಇಲ್ಲದ ಹಣವನ್ನು ಬರೆದುಕೊಂಡು, ತನ್ನ ಗ್ರಾಹಕರೊಡನೆಯೇ ವ್ಯಾಪಾರ ನಡೆಸಿದ್ದನು. 76,000ಕ್ಕೂ ಹೆಚ್ಚು ಗ್ರಾಹಕರಿಗೆ ಸುಮಾರು 21.5 ಕೋಟಿ ಕೆನಡಾ ಡಾಲರುಗಳು ಬರಬೇಕಾಗಿದ್ದವು. ಸಂಸ್ಥೆಯಲ್ಲಿ ಸರಿಯಾದ ಲೆಕ್ಕಪತ್ರಗಳೂ ಇರಲಿಲ್ಲ. ಕೀಲಿ ಒಬ್ಬನ ಕೈಯಲ್ಲಿದ್ದುದರ ಫಲವೆಂದರೆ ಇದೇ: ಅವನು ಬದುಕಿದ್ದಾಗ ಯಾರೂ ಕೇಳಲಿಲ್ಲ, ಸತ್ತಮೇಲೆ ಉತ್ತರಿಸುವವರಿರಲಿಲ್ಲ.

ಆದ್ದರಿಂದ ಮೂರು ಕೀಲಿಗಳನ್ನು ಮಾಡಿ, ಅವುಗಳಲ್ಲಿ ಎರಡು ಕೂಡಿದರೆ ಮಾತ್ರ ವರ್ಗಾವಣೆ ನಡೆಯುವಂತೆ ಏರ್ಪಡಿಸುವ ಪದ್ಧತಿ ಬಳಕೆಯಲ್ಲಿದೆ. ದೇವಸ್ಥಾನದ ಹುಂಡಿಯನ್ನು ಒಬ್ಬನೇ ತೆರೆಯಬಾರದೆಂಬ ನಿಯಮದಂತೆಯೇ ಇದು. (ಈ ಹುಂಡಿ ಬೇರೆ, ಆ ಹುಂಡಿ ಬೇರೆ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ.) ಆದರೂ ಇದೊಂದೇ ಸಾಲದು. ಭಾರತದ ವಜೀರ್‌ಎಕ್ಸ್ ಸಂಸ್ಥೆಯಲ್ಲಿ ಇಂಥ ಬಹುಕೀಲಿಯ ವ್ಯವಸ್ಥೆಯಿದ್ದರೂ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರುಗಳ ನಾಣ್ಯಗಳು ಕಳವಾದವು. ಪರದೆಯ ಮೇಲೆ ಕಂಡ ವಿವರವೇ ಬೇರೆ, ರುಜು ಬಿದ್ದ ವ್ಯವಹಾರವೇ ಬೇರೆ ಎಂದು ಸಂಸ್ಥೆಯು ಹೇಳಿತು. ದೊಡ್ಡ ಮೊತ್ತದ ವರ್ಗಾವಣೆಗೆ ಮುನ್ನ ವಿವರಗಳನ್ನು ಬೇರೊಂದು ಯಂತ್ರದಲ್ಲಿ ಪರೀಕ್ಷಿಸುವುದೂ, ಕೀಲಿಯನ್ನು ಹಿಡಿಯದ ಪರಿಶೋಧಕನೊಬ್ಬನು ಉಳಿಕೆಯನ್ನು ಸಾರ್ವಜನಿಕ ಖಾತೆಯಲ್ಲಿ ಆಗಾಗ ತಾಳೆನೋಡುವುದೂ ಅವಶ್ಯಕ.

ಡಾಲರಿಗೆ ಸಮನಾಗಿರುವುದೆಂದು ಹೇಳಲಾಗುವ ಸ್ಥಿರನಾಣ್ಯಗಳೂ ಈ ವಿಚಾರಕ್ಕೆ ಹೊರತಲ್ಲ. 2023ರ ಮಾರ್ಚಿನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕು ಮುರಿದಾಗ, ತನ್ನ ಆಧಾರನಿಧಿಯ 330 ಕೋಟಿ ಡಾಲರುಗಳನ್ನು ಅಲ್ಲಿರಿಸಿದ್ದ ಯುಎಸ್‌ಡಿಸಿ ನಾಣ್ಯದ ಬೆಲೆ ಕೆಲಕಾಲ 90 ಸೆಂಟುಗಳಿಗಿಂತ ಕೆಳಗಿಳಿಯಿತು.

ಇನ್ನು ನಮ್ಮ ದೇಶದ ಕಾನೂನು. ಬ್ಯಾಂಕುಗಳು ಈ ವ್ಯವಹಾರಕ್ಕೆ ನೆರವಾಗಬಾರದೆಂಬ ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ತಳ್ಳಿಹಾಕಿತು. 2022ರ ಹಣಕಾಸು ಕಾಯಿದೆಯು ಇದರ ಲಾಭಕ್ಕೆ ಶೇಕಡ 30ರ ತೆರಿಗೆಯನ್ನು ವಿಧಿಸಿತಲ್ಲದೆ, ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯಲೂ ಅವಕಾಶ ಕೊಡಲಿಲ್ಲ. ಪಾಲಾಯ್ ಸೆಂಟ್ರಲ್ ಬ್ಯಾಂಕು 1960ರಲ್ಲಿ ಮುಚ್ಚಿದ ಬಳಿಕ, 1962ರ ಜನವರಿ 1ರಿಂದ ನಮ್ಮ ಬ್ಯಾಂಕು ಠೇವಣಿಗಳಿಗೆ ವಿಮೆಯ ರಕ್ಷಣೆ ದೊರೆಯಿತು. ವಿನಿಮಯ ಸಂಸ್ಥೆಯಲ್ಲಿರಿಸಿದ ಕ್ರಿಪ್ಟೊ ನಾಣ್ಯಕ್ಕೆ ಆ ವಿಮೆ ಅನ್ವಯಿಸುವುದಿಲ್ಲ.